ಓದುಗರ ಪ್ರಶ್ನೆಗೆ ಉತ್ತರ: ಗುಲಾಬಿ ಬಣ್ಣದ ವಿಮಾನದ ಹಿಂದಿನ ಕಥೆ

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಧಾರವಾಡದ ಓದುಗರೊಬ್ಬರು ಕಳುಹಿಸಿದ ಹಳೆಯ ಅಂಚೆ ಕಾರ್ಡಿನ ಚಿತ್ರವನ್ನು ಪ್ರಕಟಿಸಿ, ಅದರಲ್ಲಿರುವ ವಿಮಾನ 1974ರಲ್ಲಿ ಮುಚ್ಚಿಹೋದ ಬ್ರಿಟನ್ನಿನ ಕೋರ್ಟ್ ಲೈನ್ ಎಂಬ ಚಾರ್ಟರ್ ವಿಮಾನ ಸಂಸ್ಥೆಯದೆಂದು ಎರಡೇ ಸಾಲಿನಲ್ಲಿ ತಿಳಿಸಿದ್ದೆವು. ಅಷ್ಟಕ್ಕೆ ಓದುಗರು ನಮ್ಮನ್ನು ಬಿಡಲಿಲ್ಲ. ಬಂದ ಪತ್ರಗಳಲ್ಲಿ ಆಯ್ದವಕ್ಕೆ ಈ ಬಾರಿ ಉತ್ತರಿಸಲಾಗಿದೆ. ಬೇರೆ ವಿಷಯದ ಪ್ರಶ್ನೆಗಳು ಮುಂದಿನ ಸಂಚಿಕೆಗೆ ಕಾಯಬೇಕಾಗಿದೆ.

ಪ್ರಶ್ನೆ: ಲಂಡನ್ನಿನ ಉತ್ತರಕ್ಕಿರುವ ಲೂಟನ್ ಊರಿನಲ್ಲಿ ನನ್ನ ಮಗಳ ಮನೆಯಿದೆ. ಅಲ್ಲಿ ಹಳೆಯ ಸಾಮಾನು ಮಾರುವವರ ಬಳಿ ಆ ಕಾರ್ಡನ್ನು ಕೊಂಡೆ. ವಿಮಾನಕ್ಕೆ ಮೂಗಿನಿಂದ ಬಾಲದವರೆಗೆ ಗುಲಾಬಿ ಬಣ್ಣ ಬಳಿದು, ಮೈಮೇಲೆ ದೊಡ್ಡದಾಗಿ ‘ಕೋರ್ಟ್’ ಎಂದು ಬರೆದಿದ್ದಾರೆ. ನಾನು ನಲವತ್ತು ವರ್ಷ ನ್ಯಾಯಾಲಯದಲ್ಲಿ ಗುಮಾಸ್ತನಾಗಿದ್ದವನು. ಕೋರ್ಟಿಗೂ ವಿಮಾನಕ್ಕೂ ಏನು ಸಂಬಂಧ?
(ಓದುಗರೊಬ್ಬರು, ಧಾರವಾಡ)

ಉತ್ತರ: ಮಾನ್ಯರೇ, ನಿಮ್ಮ ಕೋರ್ಟಿಗೂ ಈ ಕೋರ್ಟಿಗೂ ಯಾವ ಸಂಬಂಧವೂ ಇಲ್ಲ. ಇಂಗ್ಲೆಂಡಿನ ದೊಡ್ಡ ಮನೆತನಗಳ ಬಂಗಲೆಗಳ ಹೆಸರಿನ ಕೊನೆಯಲ್ಲಿಯೂ ಈ ಪದ ಬರುತ್ತದೆ. 1905ರಲ್ಲಿ ಆರಂಭವಾದ ಒಂದು ಸರಕು ಹಡಗು ಕಂಪನಿ ತನ್ನ ಹಡಗುಗಳಿಗೆ ಅಂಥ ಹೆಸರುಗಳನ್ನೇ ಇಡುತ್ತಿತ್ತು: ಆರ್ಲಿಂಗ್ಟನ್ ಕೋರ್ಟ್, ಕೆನ್ಸಿಂಗ್ಟನ್ ಕೋರ್ಟ್ ಇತ್ಯಾದಿ. ಕಂಪನಿಯ ಹೆಸರೂ ಕೋರ್ಟ್ ಲೈನ್ ಎಂದೇ ಆಯಿತು. ಎರಡನೆಯ ಮಹಾಯುದ್ಧ ಆರಂಭವಾದ ತಿಂಗಳಲ್ಲೇ, 1939ರ ಸೆಪ್ಟೆಂಬರಿನಲ್ಲಿ, ಜರ್ಮನ್ ಜಲಾಂತರ್ಗಾಮಿಯೊಂದು ಕೆನ್ಸಿಂಗ್ಟನ್ ಕೋರ್ಟನ್ನು ಮುಳುಗಿಸಿದಾಗ, ಅದರಲ್ಲಿದ್ದ 34 ಮಂದಿಯನ್ನೂ ನೀರಿನ ಮೇಲೆ ಇಳಿಯಬಲ್ಲ ಸಂಡರ್‌ಲ್ಯಾಂಡ್ ವಿಮಾನಗಳು ಬಂದು ಎತ್ತಿಕೊಂಡು ಹೋದವು. ಹಡಗಿನವರಿಗೂ ವಿಮಾನಕ್ಕೂ ಋಣಾನುಬಂಧ ಅಲ್ಲಿಂದಲೇ ಶುರುವಾಯಿತೆಂದು ಬೇಕಾದರೆ ತಮಾಷೆಗೆ ಹೇಳಬಹುದು.

ನಿಜವಾದ ಸಂಬಂಧ ಬೆಳೆದದ್ದು ಬಹಳ ತಡವಾಗಿ. 1953ರಲ್ಲಿ ಹೆಲಿಕಾಪ್ಟರುಗಳನ್ನು ಬಾಡಿಗೆಗೆ ಕೊಡುವ ಸಂಸ್ಥೆಯಾಗಿ ಹುಟ್ಟಿದ ಆಟೇರ್, ಮುಂದೆ ಲೂಟನ್ನಿನಲ್ಲಿ ನೆಲೆಯೂರಿ ವಿಮಾನಗಳನ್ನೂ ಹಾರಿಸತೊಡಗಿತ್ತು. ಅದನ್ನು 1965ರಲ್ಲಿ ಈ ಹಡಗು ಕಂಪನಿ ಕೊಂಡುಕೊಂಡಿತು. ಸ್ವಲ್ಪ ಕಾಲ ಬ್ರಿಟನ್ನಿನ ಒಳಗೆ ವೇಳಾಪಟ್ಟಿಯ ಪ್ರಕಾರ ವಿಮಾನ ಓಡಿಸಿ ನೋಡಿದ ಮೇಲೆ, ಅದರಲ್ಲಿ ಗಿಟ್ಟುವುದಿಲ್ಲವೆಂದು ಮನಗಂಡು, 1969ರ ಕೊನೆಗೆ ಆ ಮಾರ್ಗಗಳನ್ನೆಲ್ಲ ಕೈಬಿಟ್ಟಿತು. 1970ರ ಜನವರಿಯಿಂದ ಆಟೇರ್ ಎಂಬ ಹೆಸರು ಹೋಗಿ ಕೋರ್ಟ್ ಲೈನ್ ಏವಿಯೇಷನ್ ಎಂಬ ಹೆಸರು ಬಂತು, ಮತ್ತು ರಜೆಯ ಪ್ರವಾಸಿಗರನ್ನು ಸ್ಪೇನ್, ಇಟಲಿ, ಗ್ರೀಸಿನ ಸಮುದ್ರ ತೀರಗಳಿಗೆ ಒಯ್ದು ತರುವುದೇ ಅದರ ಮುಖ್ಯ ಕಸುಬಾಯಿತು.

ಇನ್ನು ಬಣ್ಣದ ಮಾತು. ಆ ಕಾಲದ ವಿಮಾನಗಳೆಂದರೆ ಮೇಲೆ ಬಿಳಿ, ಕೆಳಗೆ ಬೆಳ್ಳಿ, ನಡುವೆ ಒಂದು ಗೆರೆ. ಸರ್ಕಾರಿ ಕಚೇರಿಯ ಗೋಡೆಯಷ್ಟೇ ಗಂಭೀರ. ಕಾಗದದ ಕುರ್ಚಿ ಮಾಡಿ ಹೆಸರಾಗಿದ್ದ ಪೀಟರ್ ಮರ್ಡಾಕ್ ಎಂಬ ವಿನ್ಯಾಸಕಾರ ಕೋರ್ಟ್ ಲೈನಿಗಾಗಿ ಗುಲಾಬಿ, ಕಿತ್ತಳೆ, ವೈಡೂರ್ಯದ ಹಸಿರುನೀಲಿ ಮುಂತಾದ ಬಣ್ಣಗಳನ್ನು ಆರಿಸಿ, ಒಂದೊಂದು ವಿಮಾನಕ್ಕೆ ಒಂದೊಂದು ಬಣ್ಣವನ್ನು ತಿಳಿಯಿಂದ ಗಾಢಕ್ಕೆ ಏರುವಂತೆ ಬಳಿಸಿದರು. 1973ರಲ್ಲಿ ಗಗನಸಖಿಯರ ಉಡುಪನ್ನು ಮಿನಿ ಸ್ಕರ್ಟಿನಿಂದ ಪ್ರಸಿದ್ಧರಾದ ಮೇರಿ ಕ್ವಾಂಟ್ ವಿನ್ಯಾಸಗೊಳಿಸಿದರು. ಮಳೆ ಮೋಡದ ಲೂಟನ್ನಿನಲ್ಲಿ ವಿಮಾನದ ಮೆಟ್ಟಿಲು ಹತ್ತುವಾಗಲೇ ರಜೆ ಆರಂಭವಾದಂತೆ ಅನಿಸಬೇಕೆಂಬುದು ಅದರ ಉದ್ದೇಶ. ನನ್ನ ಅಭಿಪ್ರಾಯದಲ್ಲಿ ಕೋರ್ಟ್ ಲೈನಿನವರು ಮಾಡಿದ ಕೆಲಸಗಳಲ್ಲಿ ಪೂರ್ತಿ ಯಶಸ್ವಿಯಾದದ್ದು ಇದೊಂದೇ. ಇಲ್ಲದಿದ್ದರೆ ಸಂಸ್ಥೆ ಮುಳುಗಿ ಅರ್ಧ ಶತಮಾನವಾದ ಮೇಲೆ ಅದರ ಚಿತ್ರವನ್ನು ಕಂಡು ಧಾರವಾಡದ ಒಬ್ಬರು ನಿಂತು ನೋಡುತ್ತಿರಲಿಲ್ಲ.

ಪ್ರಶ್ನೆ: ಚಾರ್ಟರ್ ವಿಮಾನವೆಂದರೆ ಶ್ರೀಮಂತರು, ರಾಜಕಾರಣಿಗಳು ಬಾಡಿಗೆಗೆ ಪಡೆಯುವ ಪುಟ್ಟ ವಿಮಾನವೆಂದು ತಿಳಿದಿದ್ದೆ. ಕಾರ್ಖಾನೆಯ ಕಾರ್ಮಿಕರು ಅದರಲ್ಲಿ ರಜೆಗೆ ಹೋಗುವುದು ಹೇಗೆ ಸಾಧ್ಯವಾಯಿತು?
(ಓದುಗರೊಬ್ಬರು, ಹಾಸನ)

ಉತ್ತರ: ನಮ್ಮ ಸಾರಿಗೆ ಸಂಸ್ಥೆಯ ಬಸ್ಸಿನ ಹಣೆಯ ಮೇಲೆ ‘ಸಾಂದರ್ಭಿಕ ಒಪ್ಪಂದ’ ಎಂಬ ಫಲಕವನ್ನು ನೀವು ನೋಡಿರುತ್ತೀರಿ. ಮದುವೆಯ ದಿಬ್ಬಣಕ್ಕೋ ಧರ್ಮಸ್ಥಳದ ಯಾತ್ರೆಗೋ ಯಾರೋ ಇಡೀ ಬಸ್ಸನ್ನು ಗೊತ್ತುಮಾಡಿಕೊಂಡಿರುತ್ತಾರೆ. ಒಳಗೆ ಎಷ್ಟು ಜನ ಕುಳಿತರು ಎನ್ನುವುದು ಸಂಸ್ಥೆಯ ಚಿಂತೆಯಲ್ಲ. ಚಾರ್ಟರ್ ವಿಮಾನದ ತತ್ವವೂ ಅದೇ. ಪ್ರವಾಸ ಸಂಸ್ಥೆಯೊಂದು ಇಡೀ ವಿಮಾನವನ್ನು ಇಡೀ ಬೇಸಿಗೆಗೆ ಗೊತ್ತುಮಾಡಿಕೊಂಡು, ಅದರ ಸೀಟಿಗೆ ಹೋಟೆಲಿನ ಕೋಣೆ, ಊಟ ಮತ್ತು ವಿಮಾನ ನಿಲ್ದಾಣದಿಂದ ಹೋಟೆಲಿಗೆ ಬಸ್ಸು ಇವಿಷ್ಟನ್ನೂ ಸೇರಿಸಿ, ಒಟ್ಟಿಗೆ ಒಂದೇ ಬೆಲೆಗೆ ಮಾರುತ್ತದೆ. ಅದನ್ನೇ ಪ್ಯಾಕೇಜ್ ಪ್ರವಾಸ ಎನ್ನುತ್ತೇವೆ.

ಬ್ರಿಟನ್ನಿನಲ್ಲಿ ವಿಮಾನದ ಪ್ಯಾಕೇಜ್ ಪ್ರವಾಸಕ್ಕೆ ದಾರಿ ಹಾಕಿಕೊಟ್ಟವರು ವ್ಲಾಡಿಮಿರ್ ರೈಟ್ಸ್ ಎಂಬ ರಷ್ಯಾ ಮೂಲದ ಪತ್ರಕರ್ತರು. ಹೊರೈಜನ್ ಎಂಬ ಸಂಸ್ಥೆ ಕಟ್ಟಿದ ಅವರು 1950ರಲ್ಲಿ ಕಾರ್ಸಿಕಾ ದ್ವೀಪದ ಕಾಲ್ವಿಯಲ್ಲಿ ಡೇರೆಗಳಲ್ಲಿ ವಾಸ, ಊಟ, ವಿಮಾನ ಎಲ್ಲವನ್ನೂ ಸೇರಿಸಿ 32 ಪೌಂಡ್ 10 ಶಿಲಿಂಗಿಗೆ ಎರಡು ವಾರದ ರಜೆಯನ್ನು ಮಾರಿದರು. ಆದರೆ ಸರ್ಕಾರಿ ವಿಮಾನ ಸಂಸ್ಥೆಯ ಗಿರಾಕಿಗಳನ್ನು ಸೆಳೆಯಬಾರದೆಂಬ ಕಾರಣಕ್ಕೆ, ವಿದ್ಯಾರ್ಥಿಗಳನ್ನೂ ಶಿಕ್ಷಕರನ್ನೂ ಮಾತ್ರ ಒಯ್ಯಬೇಕೆಂಬ ಷರತ್ತಿನ ಮೇಲೆ ಅವರಿಗೆ ಪರವಾನಗಿ ಸಿಕ್ಕಿತು. ಮುಂದೆಯೂ ಬಹಳ ಕಾಲ, ಪ್ಯಾಕೇಜಿನ ಒಟ್ಟು ಬೆಲೆ ಆ ಊರಿಗೆ ಹೋಗಿ ಬರುವ ಸಾಮಾನ್ಯ ವಿಮಾನದ ಟಿಕೆಟ್ಟಿಗಿಂತ ಕಡಿಮೆಯಿರಕೂಡದು ಎಂಬ ನಿಯಮವಿತ್ತು. ಅದು ಸಾಲದೆಂಬಂತೆ 1966ರಿಂದ 1970ರ ಆರಂಭದವರೆಗೆ, ವಿದೇಶಕ್ಕೆ ಹೋಗುವ ಬ್ರಿಟಿಷರು ತಲೆಗೆ 50 ಪೌಂಡಿಗಿಂತ ಹೆಚ್ಚಿನ ವಿದೇಶಿ ಹಣ ಒಯ್ಯುವಂತಿರಲಿಲ್ಲ. ಇವೆಲ್ಲ ಸಡಿಲವಾದದ್ದು 1970ರ ದಶಕದ ಮೊದಲ ವರ್ಷಗಳಲ್ಲಿ. ಕೋರ್ಟ್ ಲೈನ್ ಬಣ್ಣ ಬಳಿದುಕೊಂಡು ಹೊರಟದ್ದೂ ಸರಿಯಾಗಿ ಆಗಲೇ.

ಬೆಲೆ ಇಳಿದದ್ದು ಹೇಗೆ ಎಂಬುದಕ್ಕೆ ಸಣ್ಣ ಲೆಕ್ಕವೊಂದನ್ನು ನೋಡಿ. ದಿಬ್ಬಣದ ಬಸ್ಸು ಜನರನ್ನು ಇಳಿಸಿ ಖಾಲಿ ಬಂದರೆ ಆ ಡೀಸೆಲ್ಲಿನ ಖರ್ಚೂ ದಿಬ್ಬಣದವರ ತಲೆಗೇ ಬರುತ್ತದೆ. ಬೇಸಿಗೆಯಲ್ಲಿ ಹತ್ತು ತಂಡಗಳು ಒಂದರ ನಂತರ ಒಂದರಂತೆ ಎರಡೆರಡು ವಾರ ಸ್ಪೇನಿಗೆ ಹೋಗುತ್ತವೆಂದುಕೊಳ್ಳಿ. ಪ್ರತಿ ತಂಡಕ್ಕೂ ಬೇರೆ ಬೇರೆಯಾಗಿ ವಿಮಾನ ಕಳಿಸಿದರೆ, ಬಿಟ್ಟು ಬರುವಾಗ ಒಮ್ಮೆ, ಕರೆತರಲು ಹೋಗುವಾಗ ಒಮ್ಮೆ, ಹೀಗೆ ಇಪ್ಪತ್ತು ಸಲ ವಿಮಾನ ಖಾಲಿ ಹಾರಬೇಕು. ಎರಡನೆಯ ತಂಡವನ್ನು ಇಳಿಸಿದ ವಿಮಾನದಲ್ಲೇ ಮೊದಲನೆಯ ತಂಡವನ್ನು ಹತ್ತಿಸಿಕೊಂಡು ಬಂದರೆ ಖಾಲಿ ಹಾರಾಟ ಎರಡೇ ಎರಡು: ಋತುವಿನ ಮೊದಲ ವಾಪಸಾತಿ ಮತ್ತು ಕೊನೆಯ ಹೋಗುವಿಕೆ. ಇದರ ಜೊತೆಗೆ ವಿಮಾನವನ್ನು ರಾತ್ರಿಯೂ ನಿಲ್ಲಿಸದೆ ಹಾರಿಸಿ, ಹೆಚ್ಚು ಸೀಟುಗಳನ್ನು ಒತ್ತೊತ್ತಾಗಿ ಜೋಡಿಸಿದರೆ, ಒಂದೊಂದು ಸೀಟಿನ ಖರ್ಚು ಸಾಮಾನ್ಯ ವಿಮಾನದ್ದಕ್ಕಿಂತ ಎಷ್ಟೋ ಕಡಿಮೆಯಾಗುತ್ತದೆ. ಕೋರ್ಟ್ ಲೈನಿನ ಬಿಎಸಿ ಒನ್-ಇಲೆವೆನ್ ವಿಮಾನದಲ್ಲಿ 119 ಸೀಟುಗಳಿದ್ದವು.

ಈ ಜಿಪುಣತನದ ಜಾಣ್ಮೆಗೆ ಒಂದು ಸ್ವಾರಸ್ಯದ ಉದಾಹರಣೆಯಿದೆ. ಊಟ ಬಿಸಿಮಾಡುವ ಅಡುಗೆ ಕಟ್ಟೆಗೆ ಜಾಗ ಕೊಟ್ಟರೆ ಅಷ್ಟು ಸೀಟುಗಳು ನಷ್ಟವಲ್ಲವೇ? ಆದ್ದರಿಂದ ಪ್ರತಿ ಸೀಟಿನ ಬೆನ್ನಿನಲ್ಲಿ ಎರಡು ಪುಟ್ಟ ಗೂಡುಗಳನ್ನು ಮಾಡಿ, ಲೂಟನ್ನಿನಲ್ಲೇ ಎರಡರಲ್ಲೂ ತಣ್ಣನೆಯ ಊಟದ ತಟ್ಟೆಗಳನ್ನು ಇಟ್ಟುಬಿಡುತ್ತಿದ್ದರು. ಒಂದು ಹೋಗುವವರಿಗೆ, ಬೀಗ ಹಾಕಿದ ಇನ್ನೊಂದು, ಅದೇ ಸೀಟಿನಲ್ಲಿ ಕುಳಿತು ವಾಪಸು ಬರುವವರಿಗೆ. ಹಸಿದ ಪ್ರಯಾಣಿಕರಲ್ಲಿ ಕೆಲವರು ಬೀಗದ ಗುಟ್ಟನ್ನು ಕಂಡುಹಿಡಿದು ಎರಡನೆಯ ಊಟವನ್ನೂ ಮುಗಿಸುತ್ತಿದ್ದರು. ರಜೆ ಮುಗಿಸಿ, ಕೈ ಖಾಲಿ ಮಾಡಿಕೊಂಡು ಹತ್ತಿದ ಬಡಪಾಯಿ ಗೂಡು ತೆರೆದು ನೋಡಿದರೆ ಒಳಗೆ ಬರಿಯ ತಟ್ಟೆ!

ಪ್ರಶ್ನೆ: ನಾನು ವಾಣಿಜ್ಯ ಶಾಸ್ತ್ರದ ವಿದ್ಯಾರ್ಥಿನಿ. ವಿಮಾನಗಳು ತುಂಬಿ ಹಾರುತ್ತಿದ್ದವು, ಖರ್ಚೂ ಕಡಿಮೆಯಿತ್ತು ಎಂದಾದರೆ ಕೋರ್ಟ್ ಲೈನ್ ಮುಳುಗಿದ್ದೇಕೆ? 1973ರ ತೈಲ ಬಿಕ್ಕಟ್ಟೇ ಕಾರಣವೆಂದು ಒಂದೆಡೆ ಓದಿದೆ. ಇದು ಸರಿಯೇ?
(ಓದುಗರೊಬ್ಬರು, ಮೈಸೂರು)

ಉತ್ತರ: ತೈಲ ಬಿಕ್ಕಟ್ಟು ಕೊನೆಯ ಪೆಟ್ಟು. ರೋಗ ಅದಕ್ಕಿಂತ ಹಳೆಯದು, ಮತ್ತು ನೀವು ಕೇಳಿದ ಪ್ರಶ್ನೆಯಲ್ಲೇ ಅಡಗಿದೆ: ವಿಮಾನ ತುಂಬಿದೆ ಎಂಬುದಕ್ಕೂ ವಿಮಾನ ಲಾಭ ತಂದಿದೆ ಎಂಬುದಕ್ಕೂ ಬಹಳ ಅಂತರವಿದೆ.

ಕೋರ್ಟ್ ಲೈನಿನ ಸೀಟುಗಳನ್ನು ತುಂಬುತ್ತಿದ್ದದ್ದು ಮುಖ್ಯವಾಗಿ ಕ್ಲಾರ್ಕ್‌ಸನ್ಸ್ ಎಂಬ ಪ್ರವಾಸ ಸಂಸ್ಥೆ. ಟಾಮ್ ಗಲ್ಲಿಕ್ ಎಂಬವರು ಹಾಲೆಂಡಿನ ಟ್ಯೂಲಿಪ್ ಹೂವಿನ ಹೊಲಗಳನ್ನು ತೋರಿಸಿಕೊಂಡು ಬರುವ ಅಗ್ಗದ ಪ್ರವಾಸಗಳಿಂದ ಆರಂಭಿಸಿ, ಅದನ್ನು 1970ರ ದಶಕದ ಆರಂಭಕ್ಕೆ ವರ್ಷಕ್ಕೆ ಸುಮಾರು ಹತ್ತು ಲಕ್ಷ ಜನರನ್ನು ರಜೆಗೆ ಕಳಿಸುವ, ಬ್ರಿಟನ್ನಿನ ಅತಿ ದೊಡ್ಡ ಪ್ಯಾಕೇಜ್ ಸಂಸ್ಥೆಯಾಗಿ ಬೆಳೆಸಿದ್ದರು. (ಇದೇ ಗಲ್ಲಿಕ್ ಮುಂದೆ ಈ ವ್ಯಾಪಾರವನ್ನೆಲ್ಲ ಬಿಟ್ಟು ಸ್ಪೇನಿನಲ್ಲಿ ನೆಲೆಸಿ, ಜಗತ್ತಿನ 9,000 ಜಾತಿಯ ಹಕ್ಕಿಗಳನ್ನು ಕಣ್ಣಾರೆ ಕಂಡ ಮೊದಲ ಪಕ್ಷಿವೀಕ್ಷಕರೆನಿಸಿಕೊಂಡರು. ಎಣಿಕೆಯ ಹುಚ್ಚು ಬಿಡಲಿಲ್ಲವೆನ್ನಬೇಕು.) ಕ್ಲಾರ್ಕ್‌ಸನ್ಸ್ ಬೆಳೆದದ್ದು ಬೆಲೆ ಇಳಿಸಿ ಇಳಿಸಿ. ಪ್ರತಿಸ್ಪರ್ಧಿಯಾದ ಥಾಮ್ಸನ್ ಒಂದು ಬೆಲೆ ಹೇಳಿದರೆ ಇವರು ಅದಕ್ಕಿಂತ ಕಡಿಮೆ ಹೇಳಬೇಕು. ಸಾಲದ್ದಕ್ಕೆ ಸ್ಪೇನಿನಲ್ಲಿ ಇನ್ನೂ ಕಟ್ಟಿ ಮುಗಿಯದ ಹೋಟೆಲುಗಳಿಗೆ ಮುಂಗಡ ಕೊಡಬೇಕು. ಜನ ಬಂದಷ್ಟೂ ಪ್ರತಿ ತಲೆಯ ಮೇಲೆ ನಷ್ಟ. 1972ರ ಒಂದೇ ವರ್ಷದಲ್ಲಿ ಲಕ್ಷಾಂತರ ಪೌಂಡುಗಳು ಕರಗಿದವು.

ಆದರೂ ಅಂಗಡಿ ನಡೆಯುತ್ತಿದ್ದದ್ದು ಹೇಗೆಂದರೆ, ಈ ವ್ಯಾಪಾರದಲ್ಲಿ ಗಿರಾಕಿ ಮೊದಲು ಹಣ ಕೊಡುತ್ತಾನೆ. ಜುಲೈ ತಿಂಗಳ ರಜೆಗೆ ಜನವರಿಯಲ್ಲಿ ಮುಂಗಡ, ಹೊರಡುವ ಕೆಲವು ವಾರ ಮೊದಲು ಪೂರ್ತಿ ಪಾವತಿ. ಹೋಟೆಲಿನವರಿಗೆ, ಇಂಧನದವರಿಗೆ ಹಣ ಸಲ್ಲಬೇಕಾದದ್ದು ಆಮೇಲೆ. ನಡುವಿನ ತಿಂಗಳುಗಳಲ್ಲಿ ಸಂಸ್ಥೆಯ ಕೈಯಲ್ಲಿ ಬೇರೆಯವರ ಹಣ ಓಡಾಡುತ್ತಿರುತ್ತದೆ. ನಮ್ಮೂರಿನ ಚೀಟಿ ವ್ಯವಹಾರ ಕಂಡವರಿಗೆ ಇದರ ರುಚಿಯೂ ಗೊತ್ತು, ಅಪಾಯವೂ ಗೊತ್ತು. ಹೊಸಬರ ಹಣ ಬರುತ್ತಿರುವಷ್ಟು ದಿನ ಹಳೆಯ ತೂತು ಕಾಣುವುದಿಲ್ಲ.

ಕ್ಲಾರ್ಕ್‌ಸನ್ಸ್‌ನ ಮೂಲ ಮಾಲೀಕರು ಕೈ ಎತ್ತುವ ಸ್ಥಿತಿಗೆ ಬಂದಾಗ ಕೋರ್ಟ್ ಲೈನ್ ಇಕ್ಕಟ್ಟಿಗೆ ಸಿಕ್ಕಿತು. ಕ್ಲಾರ್ಕ್‌ಸನ್ಸ್ ಮುಚ್ಚಿದರೆ ತನ್ನ ವಿಮಾನಗಳಲ್ಲಿ ಕೂರುವವರು ಯಾರು? ಅದರಲ್ಲೂ ಆಗಷ್ಟೇ ಅದು ಎರಡು ಲಾಕ್‌ಹೀಡ್ ಟ್ರೈಸ್ಟಾರ್ ವಿಮಾನಗಳನ್ನು ತರಿಸಿತ್ತು. ತಲಾ 400 ಸೀಟು. ಯೂರೋಪಿನಲ್ಲಿ ಈ ವಿಮಾನವನ್ನು ಮೊದಲು ಹಾರಿಸಿದ್ದೇ ಕೋರ್ಟ್ ಲೈನ್. ಕೆರಿಬಿಯನ್ ದ್ವೀಪಗಳಲ್ಲಿ ಹೋಟೆಲುಗಳು, 1971ರಲ್ಲಿ ಕೊಂಡ ಅಲ್ಲಿನದೇ ಒಂದು ವಿಮಾನ ಸಂಸ್ಥೆ, ಇಂಗ್ಲೆಂಡಿನಲ್ಲಿ ಹಡಗು ಕಟ್ಟುವ ಕಾರ್ಖಾನೆಗಳು ಹೀಗೆ ಕೈ ಹಾಕದ ಕಡೆ ಇರಲಿಲ್ಲ. ಹೀಗಾಗಿ 1973ರ ಏಪ್ರಿಲಿನಲ್ಲಿ ಕೋರ್ಟ್ ಲೈನ್ ತನ್ನ ಅತಿ ದೊಡ್ಡ ಗಿರಾಕಿಯನ್ನೇ ಹೆಸರಿಗೆ ಒಂದು ಪೌಂಡ್ ಕೊಟ್ಟು ಕೊಂಡುಕೊಂಡಿತು. ಒಂದು ಪೌಂಡಿಗೆ ಸಿಕ್ಕಿದ್ದು ಬರಿಯ ಸಂಸ್ಥೆಯಲ್ಲ, ಅದರ ನಷ್ಟವೂ ಕೂಡ. ಈ ಇಡೀ ಕಥೆಯಲ್ಲಿ ನಿರ್ಣಾಯಕವಾದ ತಪ್ಪು ಇದೇ ಎಂದು ನನಗೆ ಅನಿಸುತ್ತದೆ. ಅಲ್ಲಿಯವರೆಗೆ ಸೀಟು ಬಾಡಿಗೆಗೆ ಕೊಟ್ಟು ಹಣ ಎಣಿಸಿಕೊಳ್ಳುತ್ತಿದ್ದವರು, ಆ ದಿನದಿಂದ ಸೀಟಿನಲ್ಲಿ ಕೂರುವವರ ರಜೆಯ ನಷ್ಟವನ್ನೂ ತಮ್ಮ ತಲೆಗೆ ಕಟ್ಟಿಕೊಂಡರು. 1974ರ ಆರಂಭದಲ್ಲಿ ಮುಗ್ಗರಿಸಿದ್ದ ಹೊರೈಜನ್ನನ್ನೂ, ಅಂದರೆ ರೈಟ್ಸ್ ಕಟ್ಟಿದ ಆ ಮೊದಲ ಸಂಸ್ಥೆಯನ್ನೂ, ಕೊಂಡಾಗ ಈ ಹೊರೆ ಇನ್ನಷ್ಟು ಹೆಚ್ಚಿತು.

ತೈಲದ ಪೆಟ್ಟು ಬಿದ್ದದ್ದು ಇಂಥ ಮೈಮೇಲೆ. 1973ರ ಅಕ್ಟೋಬರಿನಿಂದ ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ರಜೆಯ ಬೆಲೆಯನ್ನು ಬಣ್ಣದ ಪುಸ್ತಿಕೆಯಲ್ಲಿ ಹಿಂದಿನ ವರ್ಷವೇ ಅಚ್ಚು ಹಾಕಿಸಿ ಹಂಚಿಯಾಗಿರುತ್ತದೆ. 1974ರ ಜನವರಿಯಿಂದ ಮಾರ್ಚ್ ಮೊದಲ ವಾರದವರೆಗೆ ಬ್ರಿಟನ್ನಿನಲ್ಲಿ ವಿದ್ಯುತ್ ಉಳಿಸಲು ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ಕೆಲಸ. ಜನ ರಜೆಗೆ ಮುಂಗಡ ಕಟ್ಟಬೇಕಾದ ತಿಂಗಳುಗಳೂ ಅವೇ. ಹೊಸಬರ ಹಣ ಬರುವುದು ನಿಂತಾಗ ಹಳೆಯ ತೂತು ಕಾಣಿಸಿಕೊಂಡಿತು. ಇದೇ ತೈಲ, ಇದೇ ಮೂರು ದಿನದ ವಾರ ಥಾಮ್ಸನ್ನಿಗೂ, ಲೂಟನ್ನಿನಲ್ಲೇ ನೆಲೆಸಿದ್ದ ಅದರ ಬ್ರಿಟಾನಿಯಾ ವಿಮಾನ ಸಂಸ್ಥೆಗೂ ಇದ್ದವು, ಅವು ಉಳಿದುಕೊಂಡವು. ಆದ್ದರಿಂದ ನೀವು ಓದಿದ್ದು ಪೂರ್ತಿ ತಪ್ಪಲ್ಲ, ಆದರೆ ಅರ್ಧ ಸರಿ ಮಾತ್ರ.

ಪ್ರಶ್ನೆ: ಸಂಸ್ಥೆ ಮುಚ್ಚಿದಾಗ ವಿದೇಶದಲ್ಲಿದ್ದ ಪ್ರವಾಸಿಗರ ಗತಿ ಏನಾಯಿತು? ಸರ್ಕಾರಕ್ಕೆ ಮೊದಲೇ ತಿಳಿದಿರಲಿಲ್ಲವೇ?
(ನಿವೃತ್ತ ಸರ್ಕಾರಿ ನೌಕರರೊಬ್ಬರು, ತುಮಕೂರು)

ಉತ್ತರ: ಸರ್ಕಾರಕ್ಕೆ ತಿಳಿದಿತ್ತು, ಗಲಾಟೆಯೆಲ್ಲ ಎದ್ದದ್ದೇ ಆ ಕಾರಣಕ್ಕೆ. 1974ರ ಜೂನ್ 26ರಂದು ಕೈಗಾರಿಕಾ ಸಚಿವ ಟೋನಿ ಬೆನ್, ಕೋರ್ಟ್ ಲೈನಿನ ಹಡಗು ಕಟ್ಟುವ ಕಾರ್ಖಾನೆಗಳನ್ನು ಸರ್ಕಾರವೇ ವಹಿಸಿಕೊಳ್ಳುವುದೆಂದು ಪಾರ್ಲಿಮೆಂಟಿನಲ್ಲಿ ಪ್ರಕಟಿಸಿದರು. ಸಾವಿರಾರು ಕಾರ್ಮಿಕರ ಕೆಲಸ ಉಳಿಸುವುದು ಅದರ ಗುರಿಯಾಗಿತ್ತು. ಆದರೆ ಅದೇ ಹೇಳಿಕೆಯಲ್ಲಿ, ಈ ಕ್ರಮದಿಂದ ಆ ಬೇಸಿಗೆಯ ರಜೆಗೆ ಹಣ ಕಟ್ಟಿದವರ ಹಿತವೂ ಕಾಪಾಡಲ್ಪಡುತ್ತದೆ ಎಂಬ ಅರ್ಥ ಬರುವ ಮಾತುಗಳಿದ್ದವು. ಜನ ಸಹಜವಾಗಿಯೇ ಸಚಿವರೇ ಭರವಸೆ ಕೊಟ್ಟಿದ್ದಾರೆಂದುಕೊಂಡರು. ಅನುಮಾನದಿಂದ ಕಾಯುತ್ತಿದ್ದವರೂ ಉಳಿದ ಬಾಕಿ ಕಟ್ಟಿದರು. ಕಡತದಲ್ಲಿ ಕುಳಿತು ನೋಡುವವರಿಗೆ ‘ಹಿತ ಕಾಪಾಡಲು ನೆರವಾಗುತ್ತದೆ’ ಎಂಬುದಕ್ಕೂ ‘ಹಿತ ಕಾಪಾಡಲಾಗುತ್ತದೆ’ ಎಂಬುದಕ್ಕೂ ಇರುವ ವ್ಯತ್ಯಾಸ ಕಾಣುತ್ತದೆ. ರಶೀದಿ ಕೈಯಲ್ಲಿ ಹಿಡಿದವನಿಗೆ ಅದು ಕಾಣುವುದಿಲ್ಲ. ನೀವು ಸರ್ಕಾರಿ ಸೇವೆಯಲ್ಲಿದ್ದವರು, ಇದನ್ನು ನನಗಿಂತ ಚೆನ್ನಾಗಿ ಬಲ್ಲಿರಿ.

ಏಳು ವಾರಗಳ ನಂತರ, ನಮ್ಮಲ್ಲಿ ಸ್ವಾತಂತ್ರ್ಯ ದಿನಾಚರಣೆ ನಡೆಯುತ್ತಿದ್ದ ಆಗಸ್ಟ್ 15ರಂದು, ಕೋರ್ಟ್ ಲೈನ್ ಬಾಗಿಲು ಮುಚ್ಚಿತು. ರಜೆಯ ನಟ್ಟನಡುವಿನ ವಾರಗಳವು. 40ರಿಂದ 50 ಸಾವಿರ ಬ್ರಿಟಿಷ್ ಪ್ರವಾಸಿಗರು ವಿದೇಶದ ಹೋಟೆಲುಗಳಲ್ಲಿದ್ದರು. ಇನ್ನೂ ಒಂದು ಲಕ್ಷಕ್ಕೂ ಹೆಚ್ಚು ಜನ ಹಣ ಕಟ್ಟಿ, ಹೊರಡುವ ದಿನಕ್ಕಾಗಿ ಕಾಯುತ್ತಿದ್ದರು. ತಮಗೆ ಬಾಕಿ ಬರುವುದಿಲ್ಲವೆಂದು ಹೆದರಿದ ಹೋಟೆಲಿನವರಿಗೆ ಸಮಾಧಾನ ಹೇಳಿ, ಬೇರೆ ಬ್ರಿಟಿಷ್ ವಿಮಾನ ಸಂಸ್ಥೆಗಳನ್ನು ಬಳಸಿ, ಹೊರಗಿದ್ದವರನ್ನು ಮನೆಗೆ ತಲುಪಿಸಲಾಯಿತು. ಪ್ರವಾಸ ಸಂಸ್ಥೆಗಳ ಕೂಟವೊಂದು ತನ್ನ ಸದಸ್ಯರಿಂದ ಮೊದಲೇ ಬ್ಯಾಂಕ್ ಖಾತರಿ ಬರೆಸಿಕೊಂಡಿದ್ದದ್ದು ಈ ಕೆಲಸಕ್ಕೆ ಒದಗಿತು. ಆದರೆ ಖಾತರಿಯ ಹಣದ ಬಹುಪಾಲು ಜನರನ್ನು ಕರೆತರುವುದಕ್ಕೇ ಬೇಕಾಯಿತು. ಮನೆಯಲ್ಲಿ ಪೆಟ್ಟಿಗೆ ಕಟ್ಟಿ ಕುಳಿತಿದ್ದವರ ಪಾಲಿಗೆ ಉಳಿದದ್ದು ಅಲ್ಪ.

ಪಾರ್ಲಿಮೆಂಟಿನ ಪರವಾಗಿ ಆಡಳಿತದ ಲೋಪಗಳನ್ನು ವಿಚಾರಿಸುವ ಓಂಬುಡ್ಸ್‌ಮನ್ ಅಧಿಕಾರಿ 1975ರಲ್ಲಿ ವರದಿ ನೀಡಿ, ಜನರಲ್ಲಿ ತಪ್ಪು ನಂಬಿಕೆ ಹುಟ್ಟಿದ್ದಕ್ಕೆ ಸರ್ಕಾರವೂ ಹೊಣೆಯೆಂದರು. ಸರ್ಕಾರ ಆ ಮಾತನ್ನು ಒಪ್ಪಲಿಲ್ಲ. ಆದರೆ ಮಾಡಬೇಕಾದದ್ದನ್ನು ಆ ವರ್ಷವೇ ಬೇರೆ ದಾರಿಯಿಂದ ಮಾಡಿತು: ಕಾಯ್ದೆಯೊಂದನ್ನು ತಂದು, ವಿಮಾನ ಪ್ರವಾಸಿಗರ ರಕ್ಷಣೆಗೆ ಒಂದು ನಿಧಿಯನ್ನು ಸ್ಥಾಪಿಸಿ, ಆರಂಭಕ್ಕೆ 15 ದಶಲಕ್ಷ ಪೌಂಡುಗಳವರೆಗೆ ಸಾಲ ಕೊಡಲು ಒಪ್ಪಿ, ಆ ಹಣವನ್ನು ತುಂಬಿಕೊಳ್ಳಲು ಪ್ಯಾಕೇಜ್ ಪ್ರವಾಸಗಳ ಮೇಲೆ 1977ರವರೆಗೆ ಸಣ್ಣ ಸುಂಕ ವಿಧಿಸಿತು. ಕೋರ್ಟ್ ಲೈನಿನಿಂದ ಹಣ ಕಳೆದುಕೊಂಡವರಿಗೂ ಈ ನಿಧಿಯಿಂದ ಪರಿಹಾರ ಸಿಕ್ಕಿತು. ಅಂದರೆ 1974ರಲ್ಲಿ ಮೋಸಹೋದವರ ನಷ್ಟವನ್ನು 1976ರಲ್ಲಿ ರಜೆಗೆ ಹೋದವರು ಕಟ್ಟಿಕೊಟ್ಟರು.

ಪ್ರಶ್ನೆ: ನಮ್ಮ ಪಕ್ಕದ ಗೋವಾಕ್ಕೆ ಚಳಿಗಾಲದಲ್ಲಿ ಚಾರ್ಟರ್ ವಿಮಾನಗಳು ಬರುತ್ತವೆ. ಅಲ್ಲಿಗೆ ಬಂದವರಲ್ಲಿ ಕೆಲವರು ಗೋಕರ್ಣದವರೆಗೂ ಇಳಿದು ಬರುತ್ತಾರೆ. ಕೋರ್ಟ್ ಲೈನ್ ಇಲ್ಲಿಗೆ ಬಂದಿತ್ತೇ?
(ಓದುಗರೊಬ್ಬರು, ಕಾರವಾರ)

ಉತ್ತರ: ಇಲ್ಲ. ಕೋರ್ಟ್ ಲೈನ್ ಮುಚ್ಚಿ ಹನ್ನೊಂದು ವರ್ಷಗಳಾದ ಮೇಲೆ, 1985ರಲ್ಲಿ, ಜರ್ಮನಿಯ ಕಾಂಡೋರ್ ಸಂಸ್ಥೆಯ ವಿಮಾನ ನೌಕಾಪಡೆಯ ದಾಬೋಳಿ ನಿಲ್ದಾಣದಲ್ಲಿ ಇಳಿದಾಗಲೇ ಗೋವಾದ ಚಾರ್ಟರ್ ಯುಗ ಆರಂಭವಾದದ್ದು. ಯೂರೋಪಿನ ಚಾರ್ಟರ್ ಸಂಸ್ಥೆಗಳಿಗೆ ಗೋವಾ ಇಷ್ಟವಾದದ್ದಕ್ಕೆ ಮರಳು, ತೆಂಗು ಮಾತ್ರ ಕಾರಣವಲ್ಲ. ಚಳಿಗಾಲದಲ್ಲಿ ಸ್ಪೇನಿಗೆ ಹೋಗುವವರು ಕಡಿಮೆಯಾಗಿ ಅವರ ವಿಮಾನಗಳು ನಿಂತಲ್ಲೇ ನಿಂತು ಕಂತು ನುಂಗುತ್ತವೆ, ನಮ್ಮ ಹಂಗಾಮು ಸರಿಯಾಗಿ ಆ ತಿಂಗಳುಗಳಲ್ಲೇ ಬರುತ್ತದೆ.

ಗೋವಾಕ್ಕೆ ಬರುತ್ತಿದ್ದ ಬ್ರಿಟಿಷ್ ಸಂಸ್ಥೆಗಳಲ್ಲಿ ಎರಡು ಈಗ ಇಲ್ಲ. ಲೂಟನ್ನಿನಿಂದಲೇ 1968ರಲ್ಲಿ ಹಾರಾಟ ಆರಂಭಿಸಿದ್ದ ಮೊನಾರ್ಕ್ 2017ರ ಅಕ್ಟೋಬರ್ 2ರಂದು ನಿಂತಿತು. ಥಾಮಸ್ ಕುಕ್ 2019ರ ಸೆಪ್ಟೆಂಬರ್ 23ರ ನಸುಕಿನಲ್ಲಿ ನಿಂತಾಗ, ವಿದೇಶದಲ್ಲಿದ್ದ ಸುಮಾರು ಒಂದೂವರೆ ಲಕ್ಷ ಬ್ರಿಟಿಷ್ ಪ್ರವಾಸಿಗರನ್ನು ಅಲ್ಲಿನ ವಿಮಾನಯಾನ ಪ್ರಾಧಿಕಾರ ಎರಡು ವಾರಗಳಲ್ಲಿ ಕರೆತಂದಿತು. ಪ್ಯಾಕೇಜ್ ಕೊಂಡವರಿಗೆ ಹಣ ಹಿಂದಿರುಗಿಸಿದ ವ್ಯವಸ್ಥೆಯ ಬೇರು ಇರುವುದು ಕೋರ್ಟ್ ಲೈನ್ ಪ್ರಕರಣದ ನಂತರ ಕಟ್ಟಿದ ಆ ನಿಧಿಯಲ್ಲಿ. ಭಾರತದ ಥಾಮಸ್ ಕುಕ್ 2012ರಿಂದಲೇ ಬೇರೆ ಮಾಲೀಕರ ಕೈಯಲ್ಲಿದ್ದ ಬೇರೆ ಕಂಪನಿ. ಹೆಸರು ಒಂದೇ ಆದ್ದರಿಂದ ಆಗ ನಮ್ಮಲ್ಲೂ ಕೆಲವರು ಗಾಬರಿಗೊಂಡಿದ್ದರು.

ಪ್ರಶ್ನೆ: ನಮ್ಮ ಕಿಂಗ್‌ಫಿಷರ್ ವಿಮಾನ ಸಂಸ್ಥೆಯ ಕಥೆಯೂ ಹೀಗೆಯೇ ಅಲ್ಲವೇ?
(ಓದುಗರೊಬ್ಬರು, ಬೆಂಗಳೂರು)

ಉತ್ತರ: ಹೋಲಿಕೆಗೆ ಒಂದು ಎಚ್ಚರಿಕೆ ಬೇಕು. ಬೆಂಗಳೂರಿನ ಕಿಂಗ್‌ಫಿಷರ್ ಚಾರ್ಟರ್ ಸಂಸ್ಥೆಯಲ್ಲ. 2005ರಿಂದ 2012ರವರೆಗೆ ವೇಳಾಪಟ್ಟಿಯ ಪ್ರಕಾರ ಹಾರಿದ ಸಂಸ್ಥೆ. ಪ್ರವಾಸ, ಹೋಟೆಲು, ಮುಂಗಡ ಎಂಬ ಲೆಕ್ಕಾಚಾರ ಅದರದ್ದಲ್ಲ. ಆದರೂ ತುಂಬಿದ ವಿಮಾನಗಳ, ತೀರಾ ಕಡಿಮೆ ಬೆಲೆಯ ಮತ್ತೊಂದು ಸಂಸ್ಥೆಯನ್ನು, ಅಂದರೆ ಏರ್ ಡೆಕ್ಕನ್ನನ್ನು, ಅದರ ನಷ್ಟದ ಸಮೇತ ಕೊಂಡು ಅರಗಿಸಿಕೊಳ್ಳಲು ಹೋದದ್ದರಲ್ಲಿ ಕೋರ್ಟ್ ಲೈನಿನ ನೆರಳು ಕಾಣುತ್ತದೆ.

ಇನ್ನೊಂದು ಹೋಲಿಕೆ ಬರಿಯ ಹೆಸರಿನದು. ಕೋರ್ಟ್ ಲೈನ್ ತನ್ನ ವಿಮಾನಗಳಿಗೂ ಕೆರಿಬಿಯನ್ ಹೋಟೆಲುಗಳಿಗೂ ‘ಹಾಲ್ಸಿಯನ್’ ಎಂದು ಆರಂಭವಾಗುವ ಹೆಸರುಗಳನ್ನು ಇಡುತ್ತಿತ್ತು. ಎರಡು ಟ್ರೈಸ್ಟಾರ್‌ಗಳಲ್ಲಿ ಒಂದರ ಹೆಸರು ಹಾಲ್ಸಿಯನ್ ಡೇಸ್, ಇನ್ನೊಂದರದ್ದು ಹಾಲ್ಸಿಯನ್ ಬ್ರೀಜ್. ಹಾಲ್ಸಿಯನ್ ಎಂದರೆ ಗ್ರೀಕ್ ಪುರಾಣದ ಮಿಂಚುಳ್ಳಿ. ಅದು ಕಡಲಿನ ಮೇಲೆ ಗೂಡು ಕಟ್ಟುವ ದಿನಗಳಲ್ಲಿ ಗಾಳಿ ಅಡಗಿ ಅಲೆಗಳು ಶಾಂತವಾಗಿರುತ್ತವೆ ಎಂಬುದು ಆ ಪುರಾಣದ ನಂಬಿಕೆ. ಕಿಂಗ್‌ಫಿಷರ್ ಎಂದರೂ ಮಿಂಚುಳ್ಳಿಯೇ.

ಪ್ರಶ್ನೆ: ಮತ್ತೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ. ನನ್ನ ಕಾರ್ಡಿನಲ್ಲಿರುವುದು ನೀವು ಹೇಳುವ ಯಾವ ವಿಮಾನ? ಅದು ಈಗ ಎಲ್ಲಿದೆ?
(ಮೊದಲಿನ ಧಾರವಾಡದ ಓದುಗರು)

ಉತ್ತರ: ತೊಂದರೆಯೇನೂ ಇಲ್ಲ. ಬೂದುಗನ್ನಡಿ ಹಿಡಿದು ಎಂಜಿನ್ನುಗಳನ್ನು ಎಣಿಸಿ. ರೆಕ್ಕೆಯ ಕೆಳಗೆ ಏನೂ ಇಲ್ಲದೆ, ಬಾಲದ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ಎಂಜಿನ್ ಅಂಟಿಕೊಂಡಿದ್ದರೆ ಅದು ಬ್ರಿಟನ್ನಿನಲ್ಲೇ ತಯಾರಾದ ಒನ್-ಇಲೆವೆನ್. ಎರಡು ರೆಕ್ಕೆಗಳ ಕೆಳಗೆ ಒಂದೊಂದು ಎಂಜಿನ್ ತೂಗುತ್ತಿದ್ದು, ಮೂರನೆಯದು ನಿಂತ ಬಾಲದ ಬುಡದಲ್ಲಿ ಹೂತುಕೊಂಡಿದ್ದರೆ ಅದು ಟ್ರೈಸ್ಟಾರ್. ನೀವು ಕಳುಹಿಸಿದ ಚಿತ್ರದಲ್ಲಿ ಬಾಲದ ಭಾಗಕ್ಕೆ ಅಂಚೆಯ ಮುದ್ರೆ ಬಿದ್ದಿರುವುದರಿಂದ ನಮಗೆ ಇಲ್ಲಿಂದ ತೀರ್ಮಾನಿಸಲಾಗದು. ಮೂಲ ಕಾರ್ಡು ನಿಮ್ಮ ಕೈಯಲ್ಲಿದೆ.

ಒನ್-ಇಲೆವೆನ್‌ಗಳು ಬೇರೆ ಬೇರೆ ಸಂಸ್ಥೆಗಳಿಗೆ ಹಂಚಿಹೋದವು. ಅಷ್ಟು ದೊಡ್ಡ ಟ್ರೈಸ್ಟಾರ್‌ಗಳಿಗೆ ತಕ್ಷಣ ಗಿರಾಕಿ ಸಿಗದೆ ಅವು ಎರಡು ವರ್ಷಕ್ಕೂ ಹೆಚ್ಚು ಕಾಲ ಸುಮ್ಮನೆ ನಿಂತಿದ್ದವು. ಆಮೇಲೆ ಹಾಂಗ್‌ಕಾಂಗ್‌ನ ಕ್ಯಾಥೇ ಪೆಸಿಫಿಕ್ ಅವೆರಡನ್ನೂ ಕೊಂಡು, ರಜೆಯ ಬಣ್ಣ ಅಳಿಸಿ, ತನ್ನ ಹಸಿರು ಬಿಳಿ ಬಳಿದು, ಏಷ್ಯಾದ ಮಾರ್ಗಗಳಲ್ಲಿ ವೇಳಾಪಟ್ಟಿಯ ಪ್ರಕಾರ ಹಾರಿಸಿತು.